ಹಳೇ ಕಾರ್ ಇಂಜಿನ್‌ಗಳಲ್ಲಿ ಅಲ್ಯೂಮಿನಿಯಂ ಎರಕ: ಬಂದಿದ್ದು ತೂಕಕ್ಕೋ, ಶಾಖಕ್ಕೋ?

ಗಾಲಿಪ್ರೇಮಿ

ಎಲ್ಲರಿಗೂ ನಮಸ್ಕಾರ. 1900ರಿಂದ 1920ರ ದಶಕದವರೆಗಿನ ಕಾರ್ ಇಂಜಿನ್‌ಗಳನ್ನು ನೋಡಿದರೆ ಹೆಚ್ಚಿನವುಗಳಲ್ಲಿ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಕೆಳಗಿನ ಕ್ರ್ಯಾಂಕ್‌ಕೇಸ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ದಂಡವನ್ನು ಹಿಡಿದಿರುವ ಪೆಟ್ಟಿಗೆ, ಅಲ್ಯೂಮಿನಿಯಂ ಎರಕ. ಅದರ ಮೇಲೆ ಕೂರುವ ಸಿಲಿಂಡರ್‌ಗಳು ಬೀಡು ಕಬ್ಬಿಣ. 1901ರ ಮರ್ಸಿಡಿಸ್ ಹಾಗೇ ಇತ್ತು. ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್‌ನದು 7 ಲೀಟರ್ ಇಂಜಿನ್. ಮೂರು ಮೂರು ಸಿಲಿಂಡರ್‌ಗಳ ಎರಡು ಕಬ್ಬಿಣದ ಬ್ಲಾಕ್ ಮೇಲೆ, ಅಲ್ಯೂಮಿನಿಯಂ ಕೇಸ್ ಕೆಳಗೆ. 1922ರಲ್ಲಿ ಬಂದ ಪುಟ್ಟ ಆಸ್ಟಿನ್ ಸೆವೆನ್ ಕೂಡ ಅದೇ ದಾರಿ ಹಿಡಿಯಿತು.

ಯಾಕೆ ಅಂತ ಕೇಳಿದರೆ ಎಲ್ಲರೂ "ತೂಕ ಕಡಿಮೆ ಮಾಡೋಕೆ" ಅನ್ನುತ್ತಾರೆ. ಸರಿ, ಬೀಡು ಕಬ್ಬಿಣದ ಸಾಂದ್ರತೆ ಸುಮಾರು 7.2, ಅಲ್ಯೂಮಿನಿಯಂದು 2.7. ಆದರೆ ತೂಕವೇ ಮುಖ್ಯವಾಗಿದ್ದರೆ ಇಡೀ ಇಂಜಿನ್ನನ್ನೇ ಅಲ್ಯೂಮಿನಿಯಂನಲ್ಲಿ ಎರೆಯಬಹುದಿತ್ತು, ಅಲ್ವಾ? ಸಿಲಿಂಡರ್ ಹತ್ತಿರ ಬಂದಾಗ ಯಾಕೆ ನಿಂತರು? ಬೆಂಕಿ ಉರಿಯುವ ಜಾಗಕ್ಕೆ ಈ ಲೋಹವನ್ನು ತಂದವರು ಯಾರು? ಗೊತ್ತಿದ್ದವರು ಬಿಡಿಸಿ ಹೇಳಿ.

ಪೀಣ್ಯ_ಫೌಂಡ್ರಿ

ನಾನು ಅಲ್ಯೂಮಿನಿಯಂ ಸ್ಯಾಂಡ್ ಕಾಸ್ಟಿಂಗ್ ಕೆಲಸದವನು. ಎರಕದವರ ಕಡೆಯಿಂದ ಹೇಳುತ್ತೇನೆ.

ಮೊದಲು ಬೆಲೆ. 1884ರಲ್ಲಿ ವಾಷಿಂಗ್ಟನ್ ಸ್ಮಾರಕದ ತುದಿಗೆ ಅಲ್ಯೂಮಿನಿಯಂ ಕಿರೀಟ ಇಟ್ಟಾಗ ಆ ಲೋಹಕ್ಕೆ ಹೆಚ್ಚೂಕಡಿಮೆ ಬೆಳ್ಳಿಯ ಬೆಲೆ ಇತ್ತು. 1886ರಲ್ಲಿ ಅಮೆರಿಕದ ಚಾರ್ಲ್ಸ್ ಹಾಲ್, ಫ್ರಾನ್ಸ್‌ನ ಪಾಲ್ ಎರೂ ಇಬ್ಬರೂ ಬೇರೆ ಬೇರೆಯಾಗಿ ವಿದ್ಯುತ್ತಿನಿಂದ ಅಲ್ಯೂಮಿನಿಯಂ ತೆಗೆಯುವ ದಾರಿ ಕಂಡುಕೊಂಡರು. ಆಮೇಲೆ ಬೆಲೆ ಬಿತ್ತು. ಕಾರು ಹುಟ್ಟಿದ್ದೂ ಅದೇ ಹೊತ್ತಿಗೆ. ಇಪ್ಪತ್ತು ವರ್ಷ ಮುಂಚೆ ಹುಟ್ಟಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ.

ಎರಡನೆಯದು, ಶುದ್ಧ ಅಲ್ಯೂಮಿನಿಯಂ ಎರಕಕ್ಕೆ ಚೆನ್ನಾಗಿಲ್ಲ. ಮೆತ್ತಗೆ, ಶಕ್ತಿ ಕಡಿಮೆ, ಟೂಲ್‌ಗೆ ಅಂಟಿಕೊಳ್ಳುತ್ತದೆ. ಅದಕ್ಕೆ ತಾಮ್ರ ಸೇರಿಸಿದರು. ಅಮೆರಿಕದಲ್ಲಿ ಶೇ. 8 ತಾಮ್ರದ ಮಿಶ್ರಣ ಎಷ್ಟು ಚಾಲ್ತಿಗೆ ಬಂತು ಅಂದರೆ "ನಂಬರ್ 12" ಅಂತ ಕೇಳಿದರೆ ಯಾವ ಫೌಂಡ್ರಿಯಾದರೂ ಎರೆದು ಕೊಡುತ್ತಿತ್ತು. ಇಂಗ್ಲೆಂಡಿನವರು ಸತು ಜಾಸ್ತಿ ಹಾಕಿದರು. ಸುಮಾರು ಶೇ. 13 ಸತು, ಶೇ. 3 ತಾಮ್ರ. ಅದಕ್ಕೆ ಮುಂದೆ ಎಲ್5 ಅಂತ ಹೆಸರಾಯಿತು. ಸತು ಇದ್ದರೆ ಎರೆಯುವುದು ಸುಲಭ, ಅಗ್ಗ ಕೂಡ. ಆದರೆ ಬಿಸಿಯಾದರೆ ಅದರ ಶಕ್ತಿ ಬೇಗ ಇಳಿಯುತ್ತದೆ. ಕ್ರ್ಯಾಂಕ್‌ಕೇಸ್ ಬೆಂಕಿಯಿಂದ ದೂರ, ಎಣ್ಣೆಯ ಬಿಸಿ ಮಾತ್ರ ತಗಲುತ್ತದೆ. ಅಲ್ಲಿಗೆ ಸಾಕು. ಸಿಲಿಂಡರ್‌ಗೆ ಸಾಲದು.

ಇನ್ನೊಂದು ತೊಂದರೆ ಗುಳ್ಳೆ. ಕರಗಿದ ಅಲ್ಯೂಮಿನಿಯಂ ಗಾಳಿಯ ತೇವದಿಂದ, ಮರಳಿನ ತೇವದಿಂದ ಹೈಡ್ರೋಜನ್ ಹೀರಿಕೊಳ್ಳುತ್ತದೆ. ಗಟ್ಟಿಯಾಗುವಾಗ ಅದನ್ನು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಸೂಜಿಮೊನೆಯಷ್ಟು ತೂತುಗಳು ಒಳಗೆಲ್ಲ ಉಳಿದುಬಿಡುತ್ತವೆ. ಇವತ್ತು ನಾವು ಎರೆಯುವ ಮುಂಚೆ ಆ ಅನಿಲವನ್ನು ಹೊರಗೆ ತೆಗೆಯುತ್ತೇವೆ (ಡಿಗ್ಯಾಸಿಂಗ್). ಆ ಕಾಲದವರಿಗೆ ಕಾರಣವೇ ಸ್ಪಷ್ಟ ಇರಲಿಲ್ಲ. ಕ್ರ್ಯಾಂಕ್‌ಕೇಸ್‌ನಲ್ಲಿ ಹೀಗಾದರೆ ಸ್ವಲ್ಪ ಎಣ್ಣೆ ಜಿನುಗುತ್ತದೆ, ಅಷ್ಟೇ. ಸಿಲಿಂಡರ್ ಸುತ್ತ ತಂಪು ಮಾಡುವ ನೀರು ಹರಿಯುವ ಜಾಕೆಟ್‌ನಲ್ಲಿ ಆದರೆ ಇಂಜಿನ್ ಕೆಲಸಕ್ಕೆ ಬರುವುದಿಲ್ಲ.

ಹಳೇದಾರಿ

ತೂಕದ ಮಾತನ್ನು ಅಷ್ಟು ಬೇಗ ಬದಿಗೆ ಸರಿಸಬೇಡಿ. ಮರ್ಸಿಡಿಸ್ ಕತೆಯೇ ಸಾಕ್ಷಿ.

1900ರ ಮಾರ್ಚ್‌ನಲ್ಲಿ ನೀಸ್ ಪಕ್ಕದ ಲಾ ಟುರ್ಬಿ ಗುಡ್ಡದ ರೇಸ್‌ನಲ್ಲಿ ಡೈಮ್ಲರ್ ಕಂಪನಿಯ ಫೀನಿಕ್ಸ್ ಕಾರು ಗೋಡೆಗೆ ಬಡಿದು ಚಾಲಕ ವಿಲ್‌ಹೆಲ್ಮ್ ಬಾವರ್ ತೀರಿಕೊಂಡರು. ಕಾರು ಎತ್ತರ, ಮುಂಭಾಗ ಭಾರ. ಡೈಮ್ಲರ್ ಕಾರುಗಳನ್ನು ಮಾರುತ್ತಿದ್ದ ಎಮಿಲ್ ಯೆಲಿನೆಕ್ ಅವರು ಇನ್ನು ಮೇಲೆ ತಗ್ಗಾದ, ಉದ್ದನೆಯ, ಹಗುರ ಕಾರು ಬೇಕು ಅಂತ ಪಟ್ಟು ಹಿಡಿದರು. ವಿಲ್‌ಹೆಲ್ಮ್ ಮೇಬ್ಯಾಕ್ ಅದನ್ನು ಮಾಡಿಕೊಟ್ಟರು. 5.9 ಲೀಟರ್, 35 ಅಶ್ವಶಕ್ತಿ. ಕ್ರ್ಯಾಂಕ್‌ಕೇಸ್ ಅಲ್ಯೂಮಿನಿಯಂ ಆಗಿದ್ದರಿಂದ ಇಂಜಿನ್ ತೂಕ ಸುಮಾರು 230 ಕೆ.ಜಿ.ಗೆ ಇಳಿಯಿತು. ಹಿಂದಿನದಕ್ಕಿಂತ ಸುಮಾರು 90 ಕೆ.ಜಿ. ಕಡಿಮೆ! ಮುಂದಿನ ವರ್ಷ ನೀಸ್‌ನಲ್ಲಿ ಆ ಕಾರನ್ನು ಹಿಡಿಯಲು ಬೇರೆ ಯಾರಿಂದಲೂ ಆಗಲಿಲ್ಲ. ಕಾರಿಗೆ ಯೆಲಿನೆಕ್ ಮಗಳ ಹೆಸರು ಬಂತು.

ಒಬ್ಬ ಚಾಲಕನ ಸಾವಿನ ನಂತರ ಬಂದ ಬದಲಾವಣೆ ಇದು. ಅಲ್ಲಿ ತೂಕ ಅನ್ನುವುದು ಜೀವದ ಪ್ರಶ್ನೆಯಾಗಿತ್ತು.

ಗಾಲಿಪ್ರೇಮಿ

@ಹಳೇದಾರಿ ಒಪ್ಪುತ್ತೇನೆ, ಆ ಕಾರಿಗೆ ತೂಕವೇ ಕಾರಣ. ಆದರೆ ಮೇಬ್ಯಾಕ್ ಕೂಡ ಸಿಲಿಂಡರ್‌ಗಳನ್ನು ಕಬ್ಬಿಣದಲ್ಲೇ ಇಟ್ಟರು. ನನ್ನ ಪ್ರಶ್ನೆ ಅಲ್ಲಿಂದಲೇ ಶುರು.

ಇನ್ನೊಂದು. ಮರ್ಸಿಡಿಸ್‌ಗೂ ಮುಂಚೆ ಅಮೆರಿಕದ ಎಲ್‌ವುಡ್ ಹೇನ್ಸ್ ಅಲ್ಯೂಮಿನಿಯಂ ಬಳಸಿದ್ದರು ಅಂತ ಓದಿದ್ದೆ. ನಿಜವಾ?

ಪೀಣ್ಯ_ಫೌಂಡ್ರಿ

ನಿಜ. ಇಂಡಿಯಾನಾದ ಕೊಕೊಮೊ ಊರಿನವರು. 1895ರ ಷಿಕಾಗೋ ರೇಸ್‌ಗೆ ಕಟ್ಟಿದ ಕಾರಿನ ಇಂಜಿನ್‌ಗೆ ಶೇ. 93 ಅಲ್ಯೂಮಿನಿಯಂ, ಶೇ. 7 ತಾಮ್ರದ ಮಿಶ್ರಣ ಬಳಸಿದರು. ಹೇನ್ಸ್ ಲೋಹಗಳ ವಿಷಯ ಚೆನ್ನಾಗಿ ತಿಳಿದವರು. ಮುಂದೆ ಕೋಬಾಲ್ಟ್-ಕ್ರೋಮಿಯಂ ಸೇರಿಸಿ ಸ್ಟೆಲೈಟ್ ಕಂಡುಹಿಡಿದದ್ದೂ ಅವರೇ. ಇವತ್ತಿಗೂ ವಾಲ್ವ್ ಮುಖಗಳ ಮೇಲೆ ಸ್ಟೆಲೈಟ್ ಹಾಕುತ್ತಾರೆ.

ರೆಕ್ಕೆ_ಮತ್ತು_ಗಾಲಿ

ಕಾರಿನ ವಿಷಯವಲ್ಲ, ಆದರೂ ಇಲ್ಲಿ ಹೇಳಲೇಬೇಕು. 1903ರ ರೈಟ್ ಸಹೋದರರ ಇಂಜಿನ್ ಕೂಡ ಇದೇ ಕುಟುಂಬದ್ದು. ಚಾರ್ಲಿ ಟೇಲರ್ ಕಟ್ಟಿದ 12 ಅಶ್ವಶಕ್ತಿಯ ಇಂಜಿನ್, ಕ್ರ್ಯಾಂಕ್‌ಕೇಸ್ ಶೇ. 8 ತಾಮ್ರದ ಅಲ್ಯೂಮಿನಿಯಂ ಎರಕ, ಅದರೊಳಗೆ ತಿರುಗಿಸಿ ಕೂರಿಸಿದ ಕಬ್ಬಿಣದ ಸಿಲಿಂಡರ್‌ಗಳು. ಫೆಬ್ರವರಿಯಲ್ಲಿ ಓಡಿಸಿ ನೋಡುವಾಗ ಬೇರಿಂಗ್ ಹಿಡಿದುಕೊಂಡು ಕೇಸ್ ಒಡೆದುಹೋಯಿತು. ಹೊಸ ಎರಕ ಏಪ್ರಿಲ್‌ನಲ್ಲಿ ಬಂತು. ಡಿಸೆಂಬರ್ 17ಕ್ಕೆ ಹಾರಿದ್ದು ಆ ಎರಡನೇ ಎರಕದಿಂದ.

ನನಗೆ ಬಹಳ ಇಷ್ಟವಾದ ಸಂಗತಿ ಬೇರೆ ಇದೆ. ಆ ಕೇಸ್‌ನ ಲೋಹವನ್ನು 1990ರ ದಶಕದಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಕೆಳಗೆ ಇಟ್ಟು ನೋಡಿದರು. ತಾಮ್ರದ ಅತಿ ಸಣ್ಣ ಗುಂಪುಗಳು ಒಳಗೆ ಮೂಡಿ ಲೋಹ ಗಟ್ಟಿಯಾಗಿತ್ತು. ಇದಕ್ಕೆ ಏಜ್ ಹಾರ್ಡನಿಂಗ್ ಅನ್ನುತ್ತಾರೆ. ಜರ್ಮನಿಯ ಆಲ್‌ಫ್ರೆಡ್ ವಿಲ್ಮ್ ಅದನ್ನು ಗಮನಿಸಿದ್ದು 1906ರಲ್ಲಿ. ಅಂದರೆ ಆ ಗುಣಕ್ಕೆ ಹೆಸರು ಬರುವ ಮುಂಚೆಯೇ ಅದು ಕೆಲಸ ಮಾಡಿತ್ತು.

ಬಿಸಿಪಿಸ್ಟನ್

ಈಗ ನಿಜವಾದ ವಿಷಯಕ್ಕೆ ಬರೋಣ. ಗಾಲಿಪ್ರೇಮಿ ಅವರು ಕೇಳಿದ "ಬೆಂಕಿಯ ಜಾಗಕ್ಕೆ ತಂದವರು ಯಾರು" ಅನ್ನುವ ಪ್ರಶ್ನೆಗೆ ಉತ್ತರ ಸಿಲಿಂಡರ್‌ನಲ್ಲಿ ಇಲ್ಲ, ಪಿಸ್ಟನ್‌ನಲ್ಲಿದೆ.

1913. ಡಬ್ಲ್ಯು.ಓ. ಬೆಂಟ್ಲಿ ಆಗ ಲಂಡನ್‌ನಲ್ಲಿ ಅಣ್ಣನ ಜೊತೆ ಡಿಎಫ್‌ಪಿ ಎಂಬ ಫ್ರೆಂಚ್ ಕಾರುಗಳನ್ನು ಮಾರುತ್ತಿದ್ದರು. ಪ್ಯಾರಿಸ್ ಪಕ್ಕದ ಕೂರ್ಬ್‌ವಾ ಕಾರ್ಖಾನೆಗೆ ಹೋದಾಗ ಮೇಜಿನ ಮೇಲೆ ಪಿಸ್ಟನ್ ಆಕಾರದ ಒಂದು ಪೇಪರ್‌ವೇಟ್ ಕಂಡಿತು. ಅಲ್ಯೂಮಿನಿಯಂದು. ಅಲಂಕಾರಕ್ಕೆ ಇಟ್ಟದ್ದು. ಇದನ್ನೇ ಇಂಜಿನ್ ಒಳಗೆ ಹಾಕಿದರೆ ಏನಾಗುತ್ತದೆ ಅನ್ನುವ ಯೋಚನೆ ಅವರನ್ನು ಹಿಡಿದುಕೊಂಡಿತು. ಶೇ. 88 ಅಲ್ಯೂಮಿನಿಯಂ, ಶೇ. 12 ತಾಮ್ರದ ಪಿಸ್ಟನ್‌ಗಳನ್ನು ಎರೆಸಿದರು. 1914ರ ಐಲ್ ಆಫ್ ಮ್ಯಾನ್ ಟಿಟಿ ರೇಸ್‌ನಲ್ಲಿ 2 ಲೀಟರ್‌ನ ಪುಟ್ಟ ಡಿಎಫ್‌ಪಿಯನ್ನು ಅವರೇ ಓಡಿಸಿ, ತಮಗಿಂತ ದೊಡ್ಡ ಇಂಜಿನ್‌ಗಳ ನಡುವೆ ಆರನೆಯವರಾಗಿ ಬಂದರು.

ಮೊದಲು ತೂಕದ ಲೆಕ್ಕ. ಆ ಇಂಜಿನ್‌ನ ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ, 130 ಮಿ.ಮೀ. ನಿಮಿಷಕ್ಕೆ 2500 ಸುತ್ತಿನಲ್ಲಿ ಪಿಸ್ಟನ್ ಮೇಲಿನ ತುದಿಯಲ್ಲಿ ನಿಂತು ತಿರುಗುವಾಗ, ಅದರ ಪ್ರತಿ 100 ಗ್ರಾಂ ತೂಕಕ್ಕೆ ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಸುಮಾರು 55 ಕೆ.ಜಿ. ತೂಕದಷ್ಟು ಎಳೆತ ತಡೆಯಬೇಕು. ವೇಗ ಎರಡು ಪಟ್ಟಾದರೆ ಈ ಬಲ ನಾಲ್ಕು ಪಟ್ಟು. ಕ್ರ್ಯಾಂಕ್‌ಕೇಸ್‌ನಲ್ಲಿ ಉಳಿಸಿದ ತೂಕ ಸುಮ್ನೆ ಕಾರಿನ ತೂಕದಿಂದ ಕಳೆಯುತ್ತದೆ. ಪಿಸ್ಟನ್‌ನಲ್ಲಿ ಉಳಿಸಿದ್ದು ರಾಡ್, ಬೇರಿಂಗ್, ಕ್ರ್ಯಾಂಕ್ ಎಲ್ಲದರ ಮೇಲಿನ ಹೊರೆಯನ್ನೂ ಇಳಿಸುತ್ತದೆ.

ಆದರೂ ತೂಕಕ್ಕಿಂತ ದೊಡ್ಡ ಲಾಭ ಶಾಖದ್ದು ಅಂತ ನನ್ನ ಖಚಿತ ಅಭಿಪ್ರಾಯ. ಆಗಿನ ಇಂಜಿನಿಯರ್‌ಗಳ ಹೆದರಿಕೆ ಸಹಜವೇ: ಉರಿಯುವ ಅನಿಲ 2000 ಡಿಗ್ರಿ ದಾಟುತ್ತದೆ, ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಆದರೆ ಪಿಸ್ಟನ್ ಎಷ್ಟು ಬಿಸಿಯಾಗುತ್ತದೆ ಅನ್ನುವುದು ಬೆಂಕಿಯ ಬಿಸಿಯಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಬಂದ ಶಾಖ ಎಷ್ಟು ಬೇಗ ಆಚೆ ಹೋಗುತ್ತದೆ ಅನ್ನುವುದೂ ಮುಖ್ಯ. ಅಲ್ಯೂಮಿನಿಯಂ ಮಿಶ್ರಣಗಳು ಬೀಡು ಕಬ್ಬಿಣಕ್ಕಿಂತ ಮೂರು ಪಟ್ಟು ಆಸುಪಾಸಿನಲ್ಲಿ ಬೇಗ ಶಾಖ ಸಾಗಿಸುತ್ತವೆ. ತಲೆಯ ಮೇಲೆ ಬಿದ್ದ ಬಿಸಿ ಪಿಸ್ಟನ್ ಸುತ್ತಲಿನ ರಿಂಗ್‌ಗಳ ಮೂಲಕ ಸಿಲಿಂಡರ್ ಗೋಡೆಗೆ, ಅಲ್ಲಿಂದ ನೀರಿಗೆ ಹೋಗಿಬಿಡುತ್ತದೆ. ಹೀಗಾಗಿ ಅಲ್ಯೂಮಿನಿಯಂ ಪಿಸ್ಟನ್ನಿನ ತಲೆ ಕಬ್ಬಿಣದ್ದಕ್ಕಿಂತ ನೂರು ಡಿಗ್ರಿಗೂ ಜಾಸ್ತಿ ತಣ್ಣಗಿರುತ್ತದೆ. ತಲೆ ತಣ್ಣಗಿದ್ದರೆ ಪೆಟ್ರೋಲ್ ಹೊತ್ತಿಗೆ ಮುಂಚೆ ಹೊತ್ತಿಕೊಳ್ಳುವುದಿಲ್ಲ, ನಾಕಿಂಗ್ (ಅಕಾಲ ಉರಿತದ ಬಡಿತ) ಕಡಿಮೆ. ಕಂಪ್ರೆಷನ್ (ಉರಿಸುವ ಮುಂಚೆ ಅನಿಲವನ್ನು ಒತ್ತುವ ಪ್ರಮಾಣ) ಏರಿಸಬಹುದು. ಅದೇ ಇಂಜಿನ್‌ನಿಂದ ಜಾಸ್ತಿ ಶಕ್ತಿ.

ಮೊದಲನೇ ಮಹಾಯುದ್ಧ ಶುರುವಾದಾಗ ಬೆಂಟ್ಲಿ ಈ ವಿಷಯವನ್ನು ಬ್ರಿಟಿಷ್ ನೌಕಾಪಡೆಗೆ ತಿಳಿಸಿದರು. ನೌಕಾಪಡೆ ಅವರನ್ನು ರೋಲ್ಸ್ ರಾಯ್ಸ್ ಮತ್ತು ಸನ್‌ಬೀಮ್ ಕಂಪನಿಗಳಿಗೆ ಕಳಿಸಿತು. ರೋಲ್ಸ್ ರಾಯ್ಸ್‌ನ ಈಗಲ್ ವಿಮಾನ ಇಂಜಿನ್‌ಗೆ ಅಲ್ಯೂಮಿನಿಯಂ ಪಿಸ್ಟನ್ ಬಂದದ್ದು ಹೀಗೆ. ತನಗೆ ಗೊತ್ತಿದ್ದ ಗುಟ್ಟನ್ನು ಎದುರಾಳಿ ಕಂಪನಿಗಳಿಗೆ ಬಿಚ್ಚಿಟ್ಟ ಆ ಮನುಷ್ಯನ ಬಗ್ಗೆ ನನಗೆ ಬಹಳ ಗೌರವ.

ಹಳೇದಾರಿ

ಒಳ್ಳೆಯ ಬರಹ. ಆದರೆ ಅಲ್ಯೂಮಿನಿಯಂ ಪಿಸ್ಟನ್ನಿನ ಮೊದಲ ಕಾಲದ ಗೋಳನ್ನೂ ಹೇಳಬೇಕು. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಟಕಟಕ ಸದ್ದು, ಬಿಸಿಯಾದ ಮೇಲೆ ಜಾಮ್ ಆಗುವ ಭಯ. ಅದಕ್ಕೇ ಎಷ್ಟೋ ಕಂಪನಿಗಳು 1920ರ ದಶಕದಲ್ಲೂ ಕಬ್ಬಿಣದ ಪಿಸ್ಟನ್ ಬಿಡಲಿಲ್ಲ.

ಬಿಸಿಪಿಸ್ಟನ್

ಹೌದು, ಅದು ಹಿಗ್ಗುವಿಕೆಯ ತೊಂದರೆ. ಅಲ್ಯೂಮಿನಿಯಂ ಬೀಡು ಕಬ್ಬಿಣಕ್ಕಿಂತ ಎರಡು ಪಟ್ಟು ಹಿಗ್ಗುತ್ತದೆ. 80 ಮಿ.ಮೀ. ಪಿಸ್ಟನ್ 150 ಡಿಗ್ರಿ ಬಿಸಿ ಏರಿದರೆ 0.27 ಮಿ.ಮೀ.ಗೂ ಸ್ವಲ್ಪ ಜಾಸ್ತಿ ಹಿಗ್ಗುತ್ತದೆ. ಸುತ್ತಲಿನ ಕಬ್ಬಿಣದ ಸಿಲಿಂಡರ್ 80 ಡಿಗ್ರಿ ಏರಿದರೆ ಅದು ಹಿಗ್ಗುವುದು 0.07 ಮಾತ್ರ. ಅಂದರೆ ತಣ್ಣಗಿರುವಾಗ 0.2 ಮಿ.ಮೀ. ಸಡಿಲ ಬಿಡಲೇಬೇಕು. ಆ ಸಡಿಲವೇ ಬೆಳಗಿನ ಟಕಟಕ.

ಪರಿಹಾರ ಒಂದೊಂದಾಗಿ ಬಂತು. ಸ್ಕರ್ಟ್ (ಪಿಸ್ಟನ್ನಿನ ಕೆಳಗಿನ ಗೋಡೆ) ಅನ್ನು ಉದ್ದಕ್ಕೆ ಸೀಳಿದರು, ಹಿಗ್ಗಿದರೆ ಸೀಳು ಮುಚ್ಚಿಕೊಳ್ಳುತ್ತದೆ. ಪಿಸ್ಟನ್ನನ್ನು ದುಂಡಗೆ ಮಾಡದೆ ಸ್ವಲ್ಪ ಮೊಟ್ಟೆಯಾಕಾರಕ್ಕೆ ಉಜ್ಜಿದರು. ಅಮೆರಿಕದಲ್ಲಿ ಇನ್‌ವಾರ್ ಪಟ್ಟಿಗಳನ್ನು ಒಳಗಿಟ್ಟು ಎರೆದರು. ಇನ್‌ವಾರ್ ಅಂದರೆ ಶೇ. 36 ನಿಕ್ಕಲ್ ಇರುವ ಉಕ್ಕು, ಬಿಸಿಗೆ ಹಿಗ್ಗುವುದೇ ಇಲ್ಲ ಅನ್ನುವಷ್ಟು ಕಡಿಮೆ ಹಿಗ್ಗುತ್ತದೆ. ಅದನ್ನು ಕಂಡುಹಿಡಿದ ಗೀಯೋಮ್‌ಗೆ 1920ರ ನೊಬೆಲ್ ಸಿಕ್ಕಿತು. ಗಡಿಯಾರಕ್ಕೂ ಅಳತೆ ಕೋಲಿಗೂ ಬಳಕೆಯಾದ ಲೋಹ ಪಿಸ್ಟನ್ ಒಳಗೂ ಬಂತು.

ಪೀಣ್ಯ_ಫೌಂಡ್ರಿ

ಮಿಶ್ರಣದ ಕಡೆಯಿಂದಲೂ ಎರಡು ದೊಡ್ಡ ಹೆಜ್ಜೆಗಳಾದವು.

ಮೊದಲನೇ ಮಹಾಯುದ್ಧದ ಹೊತ್ತಿಗೆ ಇಂಗ್ಲೆಂಡಿನ ಟೆಡಿಂಗ್‌ಟನ್‌ನಲ್ಲಿರುವ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಲ್ಲಿ ವೈ ಅಲಾಯ್ ಬಂತು. ಶೇ. 4 ತಾಮ್ರ, ಶೇ. 2 ನಿಕ್ಕಲ್, ಶೇ. 1.5 ಮೆಗ್ನೀಶಿಯಂ. ಬಿಸಿಯಲ್ಲೂ ಶಕ್ತಿ ಉಳಿಸಿಕೊಳ್ಳುವುದು ಇದರ ಗುಣ. ಪಿಸ್ಟನ್‌ಗೆ, ಸಿಲಿಂಡರ್ ಹೆಡ್‌ಗೆ ಇಂಥದ್ದೇ ಬೇಕಿತ್ತು.

ಎರಡನೆಯದು ಸಿಲಿಕಾನ್. ನಾನು ದಿನಾ ಕೈ ಹಾಕುವ ಎಲ್‌ಎಂ6 ಮಿಶ್ರಣ ಇದರ ಸಂತಾನ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಶೇ. 12ರ ಸುಮಾರು ಸಿಲಿಕಾನ್ ಸೇರಿಸಿದರೆ ಅಲ್ಯೂಮಿನಿಯಂ 577 ಡಿಗ್ರಿಯಲ್ಲೇ ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ನೀರಿನಂತೆ ಹರಿದು ತೆಳು ಗೋಡೆಗಳನ್ನೂ ತುಂಬುತ್ತದೆ. ಕುಗ್ಗುವಾಗ ಬಿರುಕು ಬಿಡುವುದು ಕಡಿಮೆ. ಇಷ್ಟೆಲ್ಲ ಒಳ್ಳೆಯದಿದ್ದರೂ ಮೊದಲು ಯಾರೂ ಬಳಸಲಿಲ್ಲ. ಯಾಕೆಂದರೆ ಒಳಗೆ ಸಿಲಿಕಾನ್ ದಪ್ಪ ಚೂಪು ಹಾಳೆಗಳಾಗಿ ಮೂಡಿ ಎರಕ ಪಟ್ ಅಂತ ಮುರಿಯುತ್ತಿತ್ತು. 1920ರ ಸುಮಾರಿಗೆ ಅಮೆರಿಕದಲ್ಲಿದ್ದ ಅಲಾದಾರ್ ಪಾಚ್ ಕರಗಿದ ಲೋಹಕ್ಕೆ ಸೋಡಿಯಂ ಫ್ಲೋರೈಡ್ ಹಾಕಿ ನೋಡಿದರು. ಸೋಡಿಯಂ ಸ್ವಲ್ಪವೇ ಸ್ವಲ್ಪ ಒಳಗೆ ಸೇರಿದರೆ ಸಾಕು, ಸಿಲಿಕಾನ್ ನಯವಾದ ಎಳೆಗಳಾಗಿ ಮೂಡುತ್ತದೆ, ಎರಕ ಗಟ್ಟಿಮುಟ್ಟಾಗುತ್ತದೆ. ಸಿಲಿಕಾನ್ ಇದ್ದಷ್ಟೂ ಹಿಗ್ಗುವಿಕೆಯೂ ಕಡಿಮೆ. ಬಿಸಿಪಿಸ್ಟನ್ ಅವರು ಹೇಳಿದ ಟಕಟಕಕ್ಕೂ ಇದು ಮದ್ದು. ಇವತ್ತಿನ ಇಂಜಿನ್ ಎರಕಗಳಲ್ಲಿ ಬಹುಪಾಲು ಸಿಲಿಕಾನ್ ಮಿಶ್ರಣಗಳೇ.

ಗಾಲಿಪ್ರೇಮಿ

ಅದ್ಭುತ. ಈಗ ಸಿಲಿಂಡರ್ ಬಾಕಿ.

ರೆಕ್ಕೆ_ಮತ್ತು_ಗಾಲಿ

ಅದೂ ವಿಮಾನದಿಂದ ಬಂದಿದ್ದು. 1915ರಲ್ಲಿ ಮಾರ್ಕ್ ಬಿರ್ಕಿಗ್ಟ್ ಎಂಬ ಸ್ವಿಸ್ ಇಂಜಿನಿಯರ್ ಹಿಸ್ಪಾನೋ-ಸುಯಿಜಾ ವಿ8 ವಿಮಾನ ಇಂಜಿನ್ ಮಾಡಿದರು. ಅಲ್ಲಿವರೆಗೆ ವಿಮಾನ ಇಂಜಿನ್ ಅಂದರೆ ಸಾಮಾನ್ಯವಾಗಿ ಒಂದೊಂದು ಸಿಲಿಂಡರ್ ಬೇರೆ ಬೇರೆ. ಇವರು ನಾಲ್ಕು ಸಿಲಿಂಡರ್‌ಗಳ ಒಂದಿಡೀ ಸಾಲನ್ನು ಅಲ್ಯೂಮಿನಿಯಂನಲ್ಲಿ ಎರೆದು, ಒಳಗೆ ತಿರುಪು ಗೆರೆ ಇರುವ ಉಕ್ಕಿನ ಲೈನರ್‌ಗಳನ್ನು (ಪಿಸ್ಟನ್ ಓಡಾಡುವ ಕೊಳವೆಗಳನ್ನು) ಸ್ಕ್ರೂ ತರ ತಿರುಗಿಸಿ ಕೂರಿಸಿದರು. ರಿಂಗ್ ಉಜ್ಜುವುದು ಉಕ್ಕಿನ ಮೇಲೆ, ಶಾಖ ಸಾಗಿಸುವುದು ಮತ್ತು ಇಂಜಿನ್ನನ್ನು ಬಿಗಿಯಾಗಿ ಹಿಡಿಯುವುದು ಅಲ್ಯೂಮಿನಿಯಂ. ಯುದ್ಧ ಮುಗಿದ ಮೇಲೆ 1919ರ ಪ್ಯಾರಿಸ್ ಪ್ರದರ್ಶನದಲ್ಲಿ ಅದೇ ವಿಧಾನದ ಕಾರು ಬಂತು: ಹಿಸ್ಪಾನೋ-ಸುಯಿಜಾ ಎಚ್6, 6.6 ಲೀಟರ್.

ತೊಂದರೆ ಇರಲಿಲ್ಲ ಅಂತಲ್ಲ. ಉಕ್ಕಿಗೂ ಅಲ್ಯೂಮಿನಿಯಂಗೂ ನಡುವೆ ಕೂದಲೆಳೆ ಸಂದು ಬಿಟ್ಟರೂ ಶಾಖ ಅಲ್ಲೇ ನಿಲ್ಲುತ್ತದೆ. ವಿಮಾನ ಇಂಜಿನ್‌ನಲ್ಲಿ ಎಕ್ಸಾಸ್ಟ್ ವಾಲ್ವ್‌ಗಳು ಸುಡುತ್ತಿದ್ದದ್ದು ಇದರಿಂದಲೇ.

ಹಳೇದಾರಿ

ಅಮೆರಿಕವನ್ನು ಮರೆಯಬೇಡಿ. 1916ರಲ್ಲೇ ಇಂಡಿಯಾನಾಪೊಲಿಸ್‌ನ ಮಾರ್ಮನ್ 34 ಬಂತು. ಆರು ಸಿಲಿಂಡರ್, ಹೆಚ್ಚಿನ ಭಾಗ ಅಲ್ಯೂಮಿನಿಯಂ ಎರಕ, ಒಳಗೆ ಕಬ್ಬಿಣದ ಲೈನರ್. ಆಮೇಲೆ 1922ರ ಲಾನ್ಸಿಯಾ ಲ್ಯಾಂಬ್ಡಾ. ಪುಟ್ಟ ವಿ4, ಅಲ್ಯೂಮಿನಿಯಂ ಬ್ಲಾಕ್, ಕಬ್ಬಿಣದ ಲೈನರ್. ಬಿರ್ಕಿಗ್ಟ್ ಒಬ್ಬರನ್ನೇ ಹೊಗಳಿದರೆ ಹೋವರ್ಡ್ ಮಾರ್ಮನ್‌ಗೆ ಅನ್ಯಾಯವಾಗುತ್ತದೆ. 1931ರಲ್ಲಿ ಅವರೇ 8 ಲೀಟರ್, 16 ಸಿಲಿಂಡರ್‌ಗಳ ಅಲ್ಯೂಮಿನಿಯಂ ಇಂಜಿನ್ ಕೂಡ ಮಾಡಿದರು. 200 ಅಶ್ವಶಕ್ತಿ. ಆ ಕಾಲದ ಅತ್ಯಂತ ಸುಂದರ ಎರಕಗಳಲ್ಲಿ ಅದೂ ಒಂದು ಅಂತ ನನ್ನ ಭಾವನೆ. ಆರ್ಥಿಕ ಕುಸಿತದ ನಡುವೆ ಬಂದು ಸಿಕ್ಕಿಕೊಂಡಿತು, ಪಾಪ.

ಮೈಸೂರು_ಸೆವೆನ್

ನಡುವೆ ಒಂದು ಕೆಲಸದ ಪ್ರಶ್ನೆ. ನಮ್ಮ ಮನೆಯ ಆಸ್ಟಿನ್ ಸೆವೆನ್ ಇಂಜಿನ್‌ನ ಕ್ರ್ಯಾಂಕ್‌ಕೇಸ್ ಕಾಲು ಒಂದು ಬಿರುಕು ಬಿಟ್ಟಿತ್ತು. ಒಂದು ವರ್ಕ್‌ಶಾಪ್‌ನಲ್ಲಿ ಗ್ಯಾಸ್ ವೆಲ್ಡಿಂಗ್ ಮಾಡಿಕೊಟ್ಟರು. ಈಗ ಕ್ರ್ಯಾಂಕ್ ಕೈಯಲ್ಲಿ ತಿರುಗಿಸಿದರೆ ಬಿಗಿ. ಬೆಸುಗೆ ಪಕ್ಕದಲ್ಲೇ ಹೊಸ ಬಿರುಕೂ ಕಾಣುತ್ತಿದೆ. ಈ ಕಾಲು ಯಾಕೆ ಒಡೆಯುತ್ತದೆ? ಮತ್ತೆ ಸರಿ ಮಾಡಬಹುದಾ?

ಕವೆಂಟ್ರಿ_ಕನ್ನಡಿಗ

ನಾನು ಇಂಗ್ಲೆಂಡಿನಲ್ಲಿ ಹಳೇ ಕಾರುಗಳ ರಿಪೇರಿ ಕೆಲಸದಲ್ಲಿದ್ದೇನೆ. ಸೆವೆನ್ ಮಾಲೀಕರಿಗೆಲ್ಲ ಪರಿಚಯದ ರೋಗ ಇದು. ಇಂಜಿನ್ ನಾಲ್ಕು ಕಾಲುಗಳಿಂದ ಚಾಸಿಗೆ ನೇರವಾಗಿ ಬಿಗಿದಿರುತ್ತದೆ. ಚಾಸಿ ತೆಳ್ಳಗೆ, ರಸ್ತೆಯ ಗುಂಡಿಗೆ ತಿರುಚಿಕೊಳ್ಳುತ್ತದೆ. ಆ ತಿರುಚನ್ನು ತಡೆಯುವ ಕೆಲಸ ಕ್ರ್ಯಾಂಕ್‌ಕೇಸ್ ಮೇಲೆ ಬೀಳುತ್ತದೆ. ಅಲ್ಯೂಮಿನಿಯಂ ಇಂಥ ಪದೇ ಪದೇ ಬರುವ ಹೊರೆಗೆ ಕಾಲಕ್ರಮೇಣ ದಣಿಯುತ್ತದೆ.

ಸರಿ ಮಾಡಬಹುದು, ಆದರೆ ಆತುರ ಬೇಡ. ಮೊದಲು ಇಂಜಿನ್ ಪೂರ್ತಿ ಬಿಚ್ಚಿ ಕೇಸ್ ಒಂದೇ ಉಳಿಸಿ. ಹಳೇ ಎರಕದ ರಂಧ್ರಗಳಲ್ಲಿ ದಶಕಗಳ ಎಣ್ಣೆ ಸೇರಿಕೊಂಡಿರುತ್ತದೆ. ಅದನ್ನು ತೊಳೆದು, ಓವನ್‌ನಲ್ಲಿ ಬಿಸಿ ಮಾಡಿ ಹೊರಗೆ ತರಬೇಕು. ಇಲ್ಲದಿದ್ದರೆ ಬೆಸುಗೆಯೆಲ್ಲ ಕಪ್ಪು ಗುಳ್ಳೆ. ಬಿರುಕಿನ ಎರಡು ತುದಿಗೂ ಸಣ್ಣ ತೂತು ಕೊರೆದು, ನಡುವೆ ವಿ ಆಕಾರಕ್ಕೆ ಬಿಡಿಸಿ. ಕೇಸನ್ನು ಒಂದು ದಪ್ಪ ಫಿಕ್ಸ್ಚರ್‌ಗೆ ಬಿಗಿದು, ಸಮನಾಗಿ ಬಿಸಿ ಮಾಡಿ, ಎಸಿ ಟಿಗ್ (ಒಂದು ಬಗೆಯ ವಿದ್ಯುತ್ ಬೆಸುಗೆ) ವಿಧಾನದಲ್ಲಿ ಬೆಸೆಯಬೇಕು. ಬೆಸುಗೆ ಆದ ಮೇಲೆ ಬೇರಿಂಗ್ ಕೂರುವ ಜಾಗಗಳು ಒಂದೇ ಗೆರೆಯಲ್ಲಿವೆಯೇ ಅಂತ ಅಳೆಯಲೇಬೇಕು. ನಿಮ್ಮ ಕ್ರ್ಯಾಂಕ್ ಬಿಗಿಯಾಗಿರುವುದು ಕೇಸ್ ಸೊಟ್ಟಗಾಗಿದ್ದಕ್ಕೇ ಇರಬೇಕು.

ಪೀಣ್ಯ_ಫೌಂಡ್ರಿ

ಇದಕ್ಕೆ ಒಂದು ಸೇರಿಸುತ್ತೇನೆ. ಬೆಸೆಯುವ ಮುಂಚೆ ಒಂದು ಚೂರು ಲೋಹ ತೆಗೆದು ಲ್ಯಾಬ್‌ನಲ್ಲಿ, ಯಾವ ಲೋಹ ಎಷ್ಟಿದೆ ಅಂತ ತಿಳಿಸುವ ಸ್ಪೆಕ್ಟ್ರೋ ಟೆಸ್ಟ್ ಮಾಡಿಸಿ, ಖರ್ಚು ಜಾಸ್ತಿ ಆಗುವುದಿಲ್ಲ. ಸತು ಜಾಸ್ತಿ ಇರುವ ಹಳೇ ಮಿಶ್ರಣ ಬೆಸುಗೆಯ ಪಕ್ಕದಲ್ಲೇ ಬಿರಿಯುತ್ತದೆ. ನಿಮ್ಮಲ್ಲಿ ಆಗಿರುವುದೂ ಅದೇ ಇರಬಹುದು. ಮಿಶ್ರಣ ಗೊತ್ತಾದರೆ ಬೆಸುಗೆ ರಾಡ್ ಆರಿಸುವುದು ಸುಲಭ. ಸಾಮಾನ್ಯವಾಗಿ ಶೇ. 5 ಸಿಲಿಕಾನ್ ರಾಡ್‌ನಿಂದ ಶುರು ಮಾಡುತ್ತಾರೆ.

ಮೈಸೂರು_ಸೆವೆನ್

ಇಬ್ಬರಿಗೂ ತುಂಬಾ ಧನ್ಯವಾದ. ಮೊದಲು ಟೆಸ್ಟ್ ಮಾಡಿಸುತ್ತೇನೆ.

ಗಾಲಿಪ್ರೇಮಿ

ಕೊನೆಯದಾಗಿ ಒಂದು. ಅಲ್ಯೂಮಿನಿಯಂಗಿಂತ ಹಗುರವಾದ ಮೆಗ್ನೀಶಿಯಂ ಎರಕಗಳೂ ಆಗ ಇದ್ದವು, ಅಲ್ವಾ?

ಕವೆಂಟ್ರಿ_ಕನ್ನಡಿಗ

ಇದ್ದವು. ಜರ್ಮನಿಯ ಗ್ರೀಸ್‌ಹೈಮ್-ಎಲೆಕ್ಟ್ರಾನ್ ಕಂಪನಿ 1909ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಎಲೆಕ್ಟ್ರಾನ್ ಎಂಬ ಮೆಗ್ನೀಶಿಯಂ ಮಿಶ್ರಣ ತೋರಿಸಿತು. ಮೆಗ್ನೀಶಿಯಂ ಸಾಂದ್ರತೆ 1.74 ಮಾತ್ರ. 1930ರ ಬೆಂಟ್ಲಿ 8 ಲೀಟರ್‌ಗೆ ಎಲೆಕ್ಟ್ರಾನ್ ಕ್ರ್ಯಾಂಕ್‌ಕೇಸ್ ಇತ್ತು. ಆದರೆ ನೀರು ತಾಗಿದರೆ ಬೇಗ ಸವೆಯುತ್ತದೆ. ಹಾಗಾಗಿ ನೀರಿನ ಜಾಕೆಟ್ ಇರುವ ಭಾಗಕ್ಕೆ ಒಗ್ಗಲಿಲ್ಲ. ಕ್ರ್ಯಾಂಕ್‌ಕೇಸ್, ಸಂಪ್ (ಎಣ್ಣೆ ತೊಟ್ಟಿ), ಗೇರ್‌ಬಾಕ್ಸ್ ಕವರ್‌ಗಳಲ್ಲಿ ಉಳಿಯಿತು.

ಹಳೇ ಕಾರು ಬಿಚ್ಚುವವರು ಒಂದು ವಿಷಯ ನೆನಪಿಟ್ಟುಕೊಳ್ಳಿ. ಮೇಲ್ನೋಟಕ್ಕೆ ಅಲ್ಯೂಮಿನಿಯಂ, ಮೆಗ್ನೀಶಿಯಂ ಎರಡೂ ಒಂದೇ ತರ ಕಾಣುತ್ತವೆ. ಮೆಗ್ನೀಶಿಯಂ ಪುಡಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಆ ಬೆಂಕಿಗೆ ನೀರು ಹಾಕಬಾರದು, ಇನ್ನೂ ಜೋರಾಗುತ್ತದೆ. ಒಣ ಮರಳು ಹಾಕಬೇಕು. ಅನುಮಾನ ಇದ್ದರೆ ಕಾಣದ ಒಂದು ಮೂಲೆಯಲ್ಲಿ ಬಣ್ಣ ಕೆರೆದು ಒಂದು ಹನಿ ವಿನೆಗರ್ ಬಿಡಿ. ಅಲ್ಯೂಮಿನಿಯಂ ಆದರೆ ಸುಮ್ಮನಿರುತ್ತದೆ. ಗುಳ್ಳೆ ಎದ್ದರೆ ಮೆಗ್ನೀಶಿಯಂ. ಆಗ ಗ್ರೈಂಡರ್ ಕೆಳಗಿಟ್ಟು, ಕೆಲಸಕ್ಕೆ ಕೊಡುವ ಮುಂಚೆ ವೆಲ್ಡರ್‌ಗೆ ಆ ವಿಷಯ ತಿಳಿಸಿ.